ಕುದ್ಮುಲ್ ರಂಗರಾಯರೂ ಅವರು ಬಿಟ್ಟುಕೊಟ್ಟ ಸಂಘವೂ

ಕೆಲವು ವರುಷಗಳ ಹಿಂದೆ ದೊಡ್ಡಬಳ್ಳಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಾವು ಉಪದೇಶಿಯ ಕೆಲಸದಲ್ಲಿದ್ದಾಗ ಅಲ್ಲಿಯ ಸ್ತ್ರೀಯರು ಕೂಡಿ ಒಂದು ಉಳಿತಾಯದ ಸಂಘವನ್ನು ಕಟ್ಟಿದ್ದರು. ಪ್ರತಿಯೊಬ್ಬಳೂ ವಾರಕ್ಕೆ ಇಷ್ಟೆಂದು ಹಣ ಹಾಕುವಳು. ಯಾರ ಮನೆಗೆ ಬಾಣಂತನವೋ ಬಿತ್ತನೆಯೋ ಮಕ್ಕಳ ಶಾಲೆಯ ಖರ್ಚೋ ಬಂದೊದಗಿದರೆ ಅವರಿಗೆ ಅದರಿಂದ ಸಾಲ ಕೊಡಲ್ಪಡುವುದು. ಸಂಘವು ಚೆನ್ನಾಗಿಯೇ ನಡೆಯಿತು. ಆದರೆ ಹಣದ ಪೆಟ್ಟಿಗೆ ನಮ್ಮ ಮನೆಯಲ್ಲಿತ್ತು. ಬೀಗದ ಕೈ ನಮ್ಮ ಬಳಿ ಇತ್ತು. ಜಮಾಖರ್ಚಿನ ಪುಸ್ತಕವನ್ನು ನಾವೇ ಬರೆಯುತ್ತಿದ್ದೆವು. ಬ್ಯಾಂಕಿಗೆ ಹೋಗಬೇಕಾದಾಗಲೂ ನಾವೇ ಮುಂದಾಗಿ ಮಾತನಾಡುತ್ತಿದ್ದೆವು. ನಮಗೆ ಬೇರೆ ಊರಿಗೆ ವರ್ಗವಾದ ಆರು ತಿಂಗಳೊಳಗಾಗಿ ಆ ಸಂಘವು ನಿಂತುಹೋಯಿತು. ಅವರಲ್ಲಿ ಮೋಸವಿರಲಿಲ್ಲ, ಸೋಮಾರಿತನವೂ ಇರಲಿಲ್ಲ. ಲೆಕ್ಕ ಬರೆಯುವುದನ್ನು ನಾವು ಅವರಲ್ಲಿ ಒಬ್ಬಳಿಗಾದರೂ ಕಲಿಸಿಕೊಟ್ಟಿರಲಿಲ್ಲ. ನಮ್ಮ ಬೆನ್ನನ್ನು ಎಲ್ಲರೂ ತಟ್ಟುತ್ತಿದ್ದ ಆ ದಿವಸಗಳಲ್ಲಿ ಇದು ನಮ್ಮ ಮನಸ್ಸಿಗೆ ಹೊಳೆಯಲೇ ಇಲ್ಲ.

ತರುವಾಯ ಮಂಗಳೂರಿನ ಕುದ್ಮುಲ್ ರಂಗರಾಯರ ಚರಿತ್ರೆಯನ್ನು ಓದುವ ಸಂದರ್ಭ ನಮಗೆ ಒದಗಿತು. ಅವರು ನಮ್ಮ ಸಭೆಗಳಿಗೆ ಸೇರಿದವರಲ್ಲ, ಬ್ರಹ್ಮಸಮಾಜದವರು. ಅವರ ಹೆಸರನ್ನು ಕೇಳಿದವರು ಬಹುಮಂದಿ ಇರಬಹುದು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಜನರಿಗೋಸ್ಕರ ಅವರು ಶಾಲೆ ತೆರೆದರೆಂಬುದನ್ನೂ ಬಲ್ಲಿರಿ. ಆದರೆ ಶಾಲೆ ತೆರೆದದ್ದಕ್ಕಿಂತ ಅದನ್ನು ತನ್ನ ಕೈಯಿಂದ ಬಿಟ್ಟುಕೊಟ್ಟದ್ದೇ ನಮಗೆ ದೊಡ್ಡದಾಗಿ ಕಂಡಿತು. ಆದಕಾರಣ ಆ ಕಡೆಯಿಂದಲೇ ಅವರ ವೃತ್ತಾಂತವನ್ನು ನಮ್ಮ ಹಳ್ಳಿಗಳವರಿಗೆ ತಿಳಿಸೋಣವೆಂದಿದ್ದೇವೆ.

ರಂಗರಾಯರು 1859ನೇ ಇಸವಿ ಜೂನ್ 29ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್ ಎಂಬಲ್ಲಿ ಹುಟ್ಟಿದರು. ಆ ಪ್ರಾಂತವು ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ರಾಜ್ಯಗಳು ಭಾಷೆಯ ಮೇರೆಗೆ ವಿಂಗಡಿಸಲ್ಪಟ್ಟಾಗ ಕೇರಳಕ್ಕೆ ಹೋಯಿತು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಸಾರಸ್ವತ ಬ್ರಾಹ್ಮಣರ ಮನೆ. ತಂದೆ ತೀರಿಕೊಂಡಾಗ ಹುಡುಗನು ಇನ್ನೂ ಮೀಸೆ ಮೂಡದವನು. ಸಂಸಾರದ ಭಾರವು ಹೆಗಲಿಗೆ ಬಿದ್ದುದರಿಂದ ಅವನು ಮಂಗಳೂರಿಗೆ ಬಂದು ಎಂಟು ರೂಪಾಯಿ ಸಂಬಳದ ಮೇಲೆ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದನು. ಹಗಲು ಮಕ್ಕಳಿಗೆ ಕಲಿಸುತ್ತಾ, ಉಳಿದ ಹೊತ್ತಿನಲ್ಲಿ ತಾನೇ ಓದುತ್ತಾ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ಅನಂತರ ವಕೀಲಿ ಪರೀಕ್ಷೆಯನ್ನೂ ಮುಗಿಸಿ ಮಂಗಳೂರಿನ ಕೋರ್ಟಿನಲ್ಲಿ ವಕೀಲಿಗೆ ನಿಂತನು. ಬಡವರ ವಕೀಲರೆಂಬ ಹೆಸರು ಅವರಿಗೆ ಬೇಗನೇ ಬಂತು. ಹೀಗೆ ಬಂದ ಹೆಸರಿನಿಂದ ಮನೆ ತುಂಬುವುದಿಲ್ಲವೆಂಬುದನ್ನು ವಾಚಕರು ಬಲ್ಲರು.

ಆ ಕಾಲದ ಮಂಗಳೂರನ್ನು ಸ್ವಲ್ಪ ನೋಡಬೇಕು. ಬಾಸೆಲ್ ಮಿಷನ್ನಿನವರು 1834ರಲ್ಲಿ ಆ ಪಟ್ಟಣಕ್ಕೆ ಬಂದು ಶಾಲೆಗಳನ್ನು ತೆರೆದರು. 1841ರಲ್ಲಿ ಛಾಪಖಾನೆಯನ್ನು ಇಟ್ಟರು. 1843ರಲ್ಲಿ ಕನ್ನಡದ ಮೊದಲನೇ ವೃತ್ತಪತ್ರಿಕೆಯಾದ ಮಂಗಳೂರು ಸಮಾಚಾರವು ಮೋಗ್ಲಿಂಗ್ ಪಂಡಿತರಿಂದ ಅಲ್ಲಿ ಹೊರಟಿತು. 1865ರಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಜಾತಿ ಬಿಟ್ಟು ಬಂದವನಿಗೆ ಅವನ ಹಳೇ ಊರಿನಲ್ಲಿ ಕೂಲಿಯೂ ಇಲ್ಲ, ಇರಲು ನೆಲವೂ ಇಲ್ಲವಾದುದರಿಂದ ಬರಿಯ ಅಕ್ಷರ ಕಲಿಸಿದರೆ ಸಾಲದೆಂದೂ, ಕೈಕೆಲಸವನ್ನೂ ನೆಲೆಯನ್ನೂ ಕೊಡಬೇಕೆಂದೂ ಅವರು ಕಂಡುಕೊಂಡಿದ್ದರು. ರಂಗರಾಯರು ಮುಂದೆ ಹಾಕಿಕೊಂಡ ಕೆಲಸವು ಇದಕ್ಕೆ ಬಹಳ ಹೋಲುತ್ತದೆ. ಅವರು ಇಲ್ಲಿಂದಲೇ ಕಲಿತರೆಂದು ನಾವು ಹೇಳುವುದಿಲ್ಲ; ಮಂಗಳೂರಿನ ಬೀದಿಯಲ್ಲಿ ನಡೆಯುವ ಯಾರ ಕಣ್ಣಿಗಾದರೂ ಅದು ಬೀಳದೆ ಇರಲಾರದು, ಅಷ್ಟೇ. ಇತ್ತ 1870ರಲ್ಲಿ ಬ್ರಹ್ಮಸಮಾಜವೂ ಅಲ್ಲಿ ಬೇರೂರಿತ್ತು. ಬಿಲ್ಲವರ ಮುಖಂಡರಾದ ಅರಸಪ್ಪನವರು ತಮ್ಮ ಜನರ ಮೇಲಿದ್ದ ಕೀಳ್ಮೆಯನ್ನು ಕಳೆಯಬೇಕೆಂದು ಬಂಗಾಳದ ಬ್ರಹ್ಮಸಮಾಜದವರನ್ನು ಕರೆಸಿದ್ದು ಅದಕ್ಕೆ ಕಾರಣ. ಉಲ್ಲಾಳ ರಘುನಾಥಯ್ಯನವರು ಅದರ ನಾಯಕರಾದರು. ಇವರ ಸಹವಾಸದಿಂದ ರಂಗರಾಯರ ಮನಸ್ಸು ತಿರುಗಿತು.

ಅಸ್ಪೃಶ್ಯರೆನಿಸಿಕೊಂಡವರ ಸ್ಥಿತಿಯಾದರೋ ಹೇಳತಕ್ಕದ್ದಲ್ಲ. ದಕ್ಷಿಣ ಕನ್ನಡದಲ್ಲಿ ಹೊಲಕ್ಕೆ ಸೇರಿದ ಆಳುಗಳನ್ನು ನೆಲದ ಸಂಗಡವೇ ಮಾರುವ ಅಡವಿಡುವ ಪದ್ಧತಿಯಿತ್ತು. 1843ರ ಕಾನೂನಿನಿಂದ ಜೀತದ ಹಕ್ಕಿಗೆ ಕೋರ್ಟಿನ ಬಲವು ಇಲ್ಲದೆ ಹೋಯಿತು. ಆದರೆ ಸಾಲದ ಹಗ್ಗವು ಹಾಗೆಯೇ ಉಳಿಯಿತು. ಕೊರಗರ ಮೇಲೆ ಹೊರಿಸಲ್ಪಟ್ಟ ಅಜಲು ಪದ್ಧತಿಯ ಹೀನಾಯವನ್ನು ನಿಷೇಧಿಸಲು ಕರ್ನಾಟಕ ಸರ್ಕಾರವು 2000ನೇ ಇಸವಿಯಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತೆಂದರೆ ನೂರು ವರುಷಗಳ ಹಿಂದೆ ಹೇಗಿದ್ದಿರಬೇಕೆಂದು ವಾಚಕರೇ ಊಹಿಸಿಕೊಳ್ಳಲಿ. ಶಾಲೆಗಳು ಸರ್ಕಾರದ ಹೆಸರಿನಲ್ಲಿ ಎಲ್ಲರಿಗೂ ತೆರೆದಿದ್ದವು. ಬೆಂಚು ಮಾತ್ರ ಎಲ್ಲರಿಗೂ ಇರಲಿಲ್ಲ.

ಹೀಗಿರಲಾಗಿ ಆ ವರ್ಗದಲ್ಲಿ ಸ್ವಲ್ಪ ಓದು ಕಲಿತ ಒಬ್ಬ ಯುವಕನಿಗೆ ಕೋರ್ಟಿನಲ್ಲಿ ಜವಾನನ ಕೆಲಸವು ದೊರಕಿತು. ಮೇಲ್ಜಾತಿಯ ನೌಕರರೂ ವಕೀಲರೂ ಇದನ್ನು ಸಹಿಸಲಾರದೆ ಎದ್ದು ನಿಂತರು. ಕಾಗದದ ಕಟ್ಟನ್ನು ಅವನ ಕೈಯಿಂದ ಹೇಗೆ ತೆಗೆದುಕೊಳ್ಳುವುದೆಂಬುದೇ ದೊಡ್ಡ ವ್ಯಾಜ್ಯವಾಯಿತು. ರಂಗರಾಯರು ಇದನ್ನು ಹತ್ತಿರದಿಂದ ಕಂಡರು. ಒಬ್ಬನನ್ನು ಹಿಡಿದು ಮೇಲಕ್ಕೆ ಎತ್ತಿದರೆ ಅವನು ಒಬ್ಬಂಟಿಗನಾಗಿ ಎಲ್ಲರ ಕಲ್ಲಿಗೂ ಗುರಿಯಾಗುವನು. ನೂರು ಮಂದಿ ಓದಿದರೆ ಆ ಕಲ್ಲು ಯಾರ ಮೇಲೆ ಬಿದ್ದೀತು? ಅವರು ಮುಂದೆ ಮಾಡಿದ್ದನ್ನು ನೋಡುವಾಗ ಈ ಯೋಚನೆಯೇ ಅವರ ಮನಸ್ಸಿನಲ್ಲಿ ಬಲಿತಿತ್ತೆಂದು ನಮಗೆ ತೋರುತ್ತದೆ.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆಯ ಮನೆಯನ್ನು ಹಿಡಿದು ರಂಗರಾಯರು ಆ ಮಕ್ಕಳಿಗಾಗಿ ಶಾಲೆ ತೆರೆದರು. ಅದೇ ಕಾಲದಲ್ಲಿ ಮದರಾಸು ಸರ್ಕಾರದವರೂ ಎಚ್ಚರಗೊಳ್ಳುತ್ತಿದ್ದರು. ಚೆಂಗಲ್ಪಟ್ಟಿನ ಕಲೆಕ್ಟರಾದ ಟ್ರೆಮೆನ್‌ಹೀರ್ ಎಂಬವರು ಅಲ್ಲಿಯ ಪರೆಯರ ಬಡತನದ ವಿಷಯವಾಗಿ ಬರೆದ ವರದಿಯ ಮೇಲೆ 1892ರಲ್ಲಿ ಸರ್ಕಾರದ ಆಜ್ಞೆ ಹೊರಟಿತು. ಆದರೆ ಮದರಾಸಿನ ಆಜ್ಞೆಯು ಉರ್ವದ ಓಣಿಯನ್ನು ತಲುಪುವುದು ಸುಲಭವಲ್ಲ. ನೆರೆಯವರ ಒತ್ತಾಯಕ್ಕೆ ಆ ಶಾಲೆಯು ಒಂದೆಡೆ ನಿಲ್ಲಲಿಕ್ಕಾಗಲಿಲ್ಲ. ಬಾಡಿಗೆಗೆ ಕೊಟ್ಟವರು ಹಿಂದಕ್ಕೆ ಕೇಳುವರು, ಶಾಲೆಯು ಹಲಗೆ ಬಳಪಗಳನ್ನು ಹೊತ್ತುಕೊಂಡು ಮತ್ತೊಂದು ಕಡೆಗೆ ಹೋಗುವುದು. ಕಲಿಸುವವರ ಕಷ್ಟವು ಅದಕ್ಕಿಂತಲೂ ಹೆಚ್ಚು. ಸ್ವಜಾತಿಯ ಉಪಾಧ್ಯಾಯರಲ್ಲಿ ಒಬ್ಬನೂ ಆ ಮಕ್ಕಳ ಮುಂದೆ ನಿಲ್ಲಲು ಒಪ್ಪಲಿಲ್ಲ. ಆಗ ಮುಂದೆ ಬಂದವರು ಕ್ರೈಸ್ತ ಉಪಾಧ್ಯಾಯರು. ಅವರ ಹೆಸರುಗಳು ಚರಿತ್ರೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಇಲ್ಲ. ನಮ್ಮ ಸಭೆಗಳವರು ಇದನ್ನು ಹೆಮ್ಮೆಗಾಗಿ ಅಲ್ಲ, ನೆನಪಿಗಾಗಿ ಇಟ್ಟುಕೊಳ್ಳಲಿ. ಯಾಕಂದರೆ ನಮ್ಮಲ್ಲಿಯೂ ಕೇರಿಯೊಂದು ಕಡೆ, ಸಭೆಯ ಮುಂದಿನ ಸಾಲು ಒಂದು ಕಡೆ ಎಂಬ ಮಾತು ಇನ್ನೂ ಪೂರಾ ಸತ್ತಿಲ್ಲ.

ಶಾಲೆ ಇತ್ತು, ಉಪಾಧ್ಯಾಯರಿದ್ದರು, ಮಕ್ಕಳು ಬರಲಿಲ್ಲ. ಬಂದವರು ನಾಲ್ಕು ದಿವಸ ಕೂತು ಐದನೆಯ ದಿವಸ ಕಾಣೆಯಾಗುವರು. ಇಂಥಾ ವೇಳೆಯಲ್ಲಿ ಉಪಕಾರ ಮಾಡಹೋದವರು ಸಾಮಾನ್ಯವಾಗಿ ಆ ಜನರನ್ನೇ ಬೈಯುತ್ತಾರೆ. ಅವರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಎನ್ನುತ್ತಾರೆ. ರಂಗರಾಯರು ಲೆಕ್ಕ ಹಾಕಿದರು. ಏಳೆಂಟು ವರುಷದ ಮಗು ದನ ಮೇಯಿಸಿದರೆ ಒಂದು ಹೊತ್ತಿನ ಗಂಜಿ ಆ ಮನೆಗೆ ಉಳಿಯುತ್ತದೆ. ಕೂಸನ್ನು ಎತ್ತಿಕೊಂಡು ಕೂತರೆ ತಾಯಿ ಕೂಲಿಗೆ ಹೋಗಬಲ್ಲಳು. ಮಗುವನ್ನು ಶಾಲೆಗೆ ಕರೆದರೆ ಆ ಗಂಜಿಯನ್ನು ಆ ಮನೆಯಿಂದ ಕಸಿದುಕೊಂಡಂತೆಯೇ ಸರಿ. ಆದ್ದರಿಂದ ಅವರು ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟವನ್ನು ಇಟ್ಟರು. ದಿನಕ್ಕೆ ಎರಡು ಪೈಸೆಯನ್ನೂ ಕೈಯಲ್ಲಿ ಕೊಟ್ಟರು. ಹಣ ಕೊಟ್ಟು ಓದಿಸುವುದೇ ಎಂದು ನಕ್ಕವರಿದ್ದರೆ ನಮಗೆ ಆಶ್ಚರ್ಯವಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈಗ ದಿನಾಲೂ ಬಿಸಿಯೂಟ ಬಡಿಸಲ್ಪಡುತ್ತದೆ. ಅದನ್ನು ನೋಡಿ ಯಾರೂ ನಗುವುದಿಲ್ಲ.

ಈ ಎರಡು ಪೈಸೆಗಳು ಎಲ್ಲಿಂದ ಬರಬೇಕು? ಮೊದಲಿಗೆ ರಾಯರ ವಕೀಲಿಯ ಸಂಪಾದನೆಯಿಂದಲೇ. ಆದರೆ ಒಬ್ಬನ ಜೇಬಿನ ಮೇಲೆ ನಿಂತ ಕೆಲಸಕ್ಕೆ ಅವನ ಜ್ವರವೇ ಶತ್ರು. ಆದುದರಿಂದ 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಹೆಸರಿನಿಂದ, ಅಂದರೆ ತುಳಿಯಲ್ಪಟ್ಟ ವರ್ಗಗಳ ಸೇವೆಗಾಗಿ ಒಂದು ಸಂಘವನ್ನು ಕಟ್ಟಿದರು. ಇದನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ರಂಗರಾಯರ ಶಾಲೆ ಎಂದಿದ್ದದ್ದು ಈಗ ಸಂಘದ ಶಾಲೆ ಎಂದಾಯಿತು. ಚಂದಾ ಕೊಡುವವನು ಒಬ್ಬ ಮನುಷ್ಯನಿಗೆ ಕೊಡುವುದಿಲ್ಲ, ಒಂದು ಸಂಘಕ್ಕೆ ಕೊಡುತ್ತಾನೆ. ಸರ್ಕಾರದವರು ನೆಲ ಕೊಡುವುದಾದರೂ ಸಂಘದ ಹೆಸರಿಗೆ ಕೊಡಬಹುದು. ಹೆಸರು ಬದಲಾಯಿತೆಂದರೆ ಏನಾಯಿತು ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ನಮ್ಮ ದೊಡ್ಡಬಳ್ಳಾಪುರದ ಪೆಟ್ಟಿಗೆಗೆ ಹೀಗೆ ಹೆಸರು ಬದಲಾಗಿದ್ದರೆ ಬೀಗದ ಕೈಯೂ ಕೈ ಬದಲಾಯಿಸುತ್ತಿತ್ತು.

ಇದಾದ ಒಂಬತ್ತು ವರುಷಗಳ ಮೇಲೆ, 1906ರಲ್ಲಿ, ಮುಂಬಯಿಯಲ್ಲಿ ಪ್ರಾರ್ಥನಾ ಸಮಾಜದ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ದೊಡ್ಡ ಸಂಘವನ್ನು ಸ್ಥಾಪಿಸಿದರು. ಅದರ ಅಧ್ಯಕ್ಷರಾದ ಸರ್ ನಾರಾಯಣ ಚಂದಾವರಕರರು ನಮ್ಮ ಹೊನ್ನಾವರದಲ್ಲಿ ಹುಟ್ಟಿದವರೇ. ಮುಂಬಯಿಯ ಸಂಘದ ಕೀರ್ತಿಯು ದೇಶವೆಲ್ಲಾ ಹರಡಿತು. ಮಂಗಳೂರಿನದು ಮೊದಲಿನದೆಂಬುದನ್ನು ಬಲ್ಲವರು ಕೊಂಚವೇ.

ಸಂಘದ ಕೆಲಸವು ಬೆಳೆಯಿತು. ಅತ್ತಾವರ, ಮೂಲ್ಕಿ, ಉಡುಪಿಯ ಹತ್ತಿರದ ನೇಜಾರು ಮೊದಲಾದ ಕಡೆಗಳಲ್ಲಿ ಶಾಲೆಗಳು ತೆರೆಯಲ್ಪಟ್ಟವು. ಓದು ಮುಗಿಸಿದ ಹುಡುಗನು ಮರಳಿ ಒಡೆಯನ ಹೊಲಕ್ಕೇ ಹೋಗಬೇಕಾದರೆ ಆ ಓದು ಅವನಿಗೆ ದುಃಖವನ್ನೇ ಹೆಚ್ಚಿಸುವುದೆಂದು ಕಂಡು ರಾಯರು ಮರಗೆಲಸ ನೇಯ್ಗೆಗಳನ್ನು ಕಲಿಸುವ ಶಾಲೆಯನ್ನು ನಡಿಸಿದರು. ದೂರದ ಹಳ್ಳಿಗಳ ಮಕ್ಕಳಿಗಾಗಿ ವಸತಿಗೃಹವಾಯಿತು. ಸರ್ಕಾರದಿಂದ ನೆಲವನ್ನು ಪಡೆದು ಅದನ್ನು ಮನೆಯ ನಿವೇಶನಗಳಾಗಿ ಹಂಚಿ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದರು. ಇದು ಶಾಲೆಗಿಂತ ಹೆಚ್ಚಿನದು. ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡವನು ಮಗನನ್ನು ಶಾಲೆಗೆ ಕಳುಹಿಸಿದರೆ ನಾಳೆ ಗುಡಿಸಲು ಇಲ್ಲ. ತನ್ನ ಹೆಸರಿನ ನಾಲ್ಕು ಗೇಣು ನೆಲವಿದ್ದವನು ಇಲ್ಲ ಎನ್ನಬಲ್ಲನು. ದೇವನಹಳ್ಳಿ ಹೊಸಕೋಟೆಗಳಲ್ಲಿ ಮನೆಯ ಹಕ್ಕುಪತ್ರಕ್ಕಾಗಿ ಕಛೇರಿಯ ಮೆಟ್ಟಿಲು ತುಳಿದವರಿಗೆ ಇದನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಸ್ವಲ್ಪ ದೂರದ ಒಬ್ಬರ ಮಾತನ್ನು ತರುತ್ತೇವೆ. ಜರ್ಮನಿಯಲ್ಲಿ ರೈಫೈಸೆನ್ ಎಂಬ ಗ್ರಾಮಾಧಿಕಾರಿಯು 1846-47ರ ಬರಗಾಲದಲ್ಲಿ ಧನವಂತರಿಂದ ಹಣ ಕೂಡಿಸಿ ಬಡವರಿಗೆ ಹಿಟ್ಟು ರೊಟ್ಟಿಗಳನ್ನು ಒದಗಿಸಿದನು. ಬರ ಕಳೆಯಿತು, ಧನವಂತರ ಉತ್ಸಾಹವೂ ಅದರ ಸಂಗಡ ಕಳೆಯಿತು. ಬಹಳ ವರುಷಗಳ ಅನುಭವದ ಮೇಲೆ, ಸಾಲ ತೆಗೆದುಕೊಳ್ಳುವ ರೈತನೇ ಸಂಘದ ಸದಸ್ಯನಾಗಬೇಕು, ಲೆಕ್ಕಕ್ಕೂ ನಷ್ಟಕ್ಕೂ ಅವನೇ ಹೊಣೆಯಾಗಬೇಕು ಎಂಬುದನ್ನು ಅವನು ಕಂಡುಕೊಂಡು 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ತನ್ನ ಸಂಘವನ್ನು ಆ ಮೇರೆಗೆ ತಿದ್ದಿದನು. ನಮ್ಮ ದೇಶದ 1904ರ ಸಹಕಾರ ಸಾಲದ ಸಂಘಗಳ ಕಾನೂನು ಅದೇ ಮಾದರಿಯನ್ನು ಅನುಸರಿಸಿತು. ಅದರ ಮೇರೆಗೆ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘವನ್ನು ಕಟ್ಟಿದರು. ನಮ್ಮ ನೆಲಮಂಗಲ ಹೊಸಕೋಟೆಗಳ ಹಳ್ಳಿಗಳಲ್ಲಿ ಬೆಳಗಾಗುವುದರೊಳಗೆ ಸ್ತ್ರೀಯರು ಹಾಲಿನ ಪಾತ್ರೆ ಹಿಡಿದು ಸಾಲಾಗಿ ನಿಲ್ಲುವ ಹಾಲು ಉತ್ಪಾದಕರ ಸಂಘಗಳೂ ಈ ವಂಶದವೇ. ಅಲ್ಲಿ ಹಾಲು ಹಾಕುವವರೇ ಸದಸ್ಯರು. ಕಾರ್ಯದರ್ಶಿ ಹೋದರೂ ಮರುದಿನ ಹಾಲು ನಿಲ್ಲುವುದಿಲ್ಲ.

ರಂಗರಾಯರ ಸಂಘದಲ್ಲಿ ಈ ಗುಣವು ಆರಂಭದಲ್ಲಿ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಹಣ ಕೊಡುವವರು ಒಂದು ಜಾತಿ, ತೆಗೆದುಕೊಳ್ಳುವವರು ಮತ್ತೊಂದು, ನಡಿಸುವವರೂ ಮೇಲಿನವರೇ. ಆದರೆ ಅವರ ಶಾಲೆಗಳಲ್ಲಿ ಓದಿದವರು ಮೆಲ್ಲಗೆ ಉಪಾಧ್ಯಾಯರಾಗತೊಡಗಿದರು. ಮೊದಲು ಬೇರೆಯವರು ಕಲಿಸಿದ ಬೆಂಚುಗಳ ಮುಂದೆ ಈಗ ಆ ಕೇರಿಯ ಮಕ್ಕಳೇ ದೊಡ್ಡವರಾಗಿ ನಿಂತರು. ಅಷ್ಟಕ್ಕೆ ರಾಯರು ತೃಪ್ತಿಪಡಲಿಲ್ಲ. ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ಆ ಜನರ ಪರವಾಗಿ ಮಾತನಾಡಲು ಆ ಜನರೇ ಇರಬೇಕೆಂದು ಅಧಿಕಾರಿಗಳ ಹತ್ತಿರ ವಾದಿಸಿದರು; ಆ ಪ್ರಯತ್ನದಿಂದ ಅಂಗಾರ ಮಾಸ್ತರ, ಗೋವಿಂದ ಮಾಸ್ತರ ಎಂಬವರು ಅಂಥಾ ಸಭೆಗಳಲ್ಲಿ ಸ್ಥಾನ ಪಡೆದರು. ಹೆಸರಿನ ಜತೆಗಿರುವ ಮಾಸ್ತರ ಎಂಬ ಮಾತನ್ನು ವಾಚಕರು ನೋಡಲಿ. ಬೋರ್ಡಿನ ಕುರ್ಚಿಗೆ ದಾರಿಯು ಶಾಲೆಯ ಕುರ್ಚಿಯಿಂದಲೇ ಹೋಗಿತ್ತು. ಅದುವರೆಗೆ ಅವರ ವಿಷಯವಾಗಿ ರಂಗರಾಯರು ಮಾತನಾಡುತ್ತಿದ್ದರು. ರಂಗರಾಯರಂತಹ ವಕೀಲರಿಗೆ ಸುಮ್ಮನೆ ಕೂತು ಇನ್ನೊಬ್ಬರು ತಡವರಿಸುತ್ತಾ ಮಾತನಾಡುವುದನ್ನು ಕೇಳುವುದು ಎಷ್ಟು ಕಷ್ಟವಾಗಿರಬೇಕು! ನಮಗೆ ಹಳ್ಳಿಯ ಪಂಚಾಯಿತಿಯಲ್ಲಿ ಐದು ನಿಮಿಷ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ.

ಇದಕ್ಕೆಲ್ಲಾ ತೆತ್ತ ಬೆಲೆಯನ್ನೂ ಹೇಳಬೇಕು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂಬುದು ಪುಸ್ತಕದಲ್ಲಿ ಒಂದು ಮಾತು. ಮನೆಯಲ್ಲಿ ಅದು ದಿನದಿನದ ಸಂಗತಿ. ಶುಭಕ್ಕೆ ಕರೆಯುವವರಿಲ್ಲ, ಅಶುಭಕ್ಕೆ ಬರುವವರಿಲ್ಲ. ಕೋರ್ಟಿಗೆ ಹೋಗುವ ಗಂಡಸಿಗಿಂತ ಮನೆಯಲ್ಲಿರುವ ಹೆಂಡತಿಗೂ ಮಕ್ಕಳಿಗೂ ಅದು ಹೆಚ್ಚಾಗಿ ತಾಕುತ್ತದೆ. ಅವರ ಪತ್ನಿ ರುಕ್ಮಿಣಿಯಮ್ಮನವರ ವಿಷಯವಾಗಿ ಬರೆದವರು ಬಹಳ ಕಡಮೆ. ಇಂಥಾ ಚರಿತ್ರೆಗಳಲ್ಲಿ ಹೀಗೆಯೇ ಆಗುತ್ತದೆ. ರಾಯರು ಹೆಣ್ಣುಮಕ್ಕಳನ್ನು ಚೆನ್ನಾಗಿ ಓದಿಸಿದರು. ಮಗಳು ರಾಧಾಬಾಯಿಯವರು ಮದರಾಸಿನಲ್ಲಿಯೂ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿ, ತಮಿಳು ಸೀಮೆಯ ಕುಮಾರಮಂಗಲದ ಜಮೀನ್ದಾರರಾದ ಡಾಕ್ಟರ್ ಸುಬ್ಬರಾಯನ್ನರನ್ನು ಜಾತಿಯ ಗೆರೆ ದಾಟಿ ಮದುವೆಯಾದರು. ಸುಬ್ಬರಾಯನ್ನರು 1926ರಿಂದ 1930ರ ವರೆಗೆ ಮದರಾಸಿನ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಸ್ತ್ರೀಯರಲ್ಲಿ ಒಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ ಎಂಬ ಮೇಲ್ಸಭೆಗೆ ಚುನಾಯಿಸಲ್ಪಟ್ಟ ಮೊದಲನೇ ಸ್ತ್ರೀ. ಅವರ ಮಗ ಜನರಲ್ ಕುಮಾರಮಂಗಲಂ 1966ರಿಂದ 1969ರ ವರೆಗೆ ಭಾರತದ ಭೂಸೇನೆಯ ದಂಡನಾಯಕರಾಗಿದ್ದರು. ಬಹಿಷ್ಕೃತನ ಮನೆಯಿಂದ ಇಷ್ಟು ಹೊರಟಿತು.

ಸರ್ಕಾರದವರು ರಂಗರಾಯರಿಗೆ ರಾವ್ ಸಾಹೇಬ್ ಬಿರುದು ಕೊಟ್ಟರು. ವಯಸ್ಸೂ ಏರಿತು. ಈಗ ಬಂತು ನಾವು ಮೊದಲೇ ಹೇಳಿದ ಸಂಗತಿ. ಸಂಘವು ಅವರ ಕೈಯಿಂದ ಬೆಳೆದದ್ದು. ಊರೆಲ್ಲಾ ಅದನ್ನು ಅವರ ಹೆಸರಿನಿಂದ ಬಲ್ಲುದು. ಇಂಥಾ ಮನುಷ್ಯನು ಸಾಯುವ ತನಕ ಪೆಟ್ಟಿಗೆಯನ್ನು ಕೈಯಲ್ಲಿ ಇಟ್ಟುಕೊಂಡರೆ ಯಾರೂ ತಪ್ಪೆನ್ನುವುದಿಲ್ಲ. ಸತ್ತ ಮೇಲೆ ಪೆಟ್ಟಿಗೆಯಲ್ಲಿ ಏನೂ ಇರುವುದಿಲ್ಲ. ರಾಯರು ತಾವು ಬದುಕಿರುವಾಗಲೇ ತಮ್ಮ ಮಿಷನ್ನಿನ ಕೆಲಸವನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯವರಿಗೆ ಒಪ್ಪಿಸಿಕೊಟ್ಟರು. ಈ ಸೊಸೈಟಿಯನ್ನು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದರು. ಅದರ ಸದಸ್ಯರು ಕೊಂಚ ಜೀವನಾಂಶದ ಮೇಲೆ ದೇಶಸೇವೆಯನ್ನೇ ಜನ್ಮದ ಕೆಲಸವೆಂದು ವ್ರತ ತೆಗೆದುಕೊಂಡವರು. ಸೇರಿದ ಕೂಡಲೇ ಅವರನ್ನು ಕೆಲಸಕ್ಕೆ ಬಿಡದೆ ಐದು ವರುಷ ತರಬೇತು ಮಾಡುವ ನಿಯಮವಿತ್ತು. ಒಬ್ಬನು ಮುದುಕನಾದರೆ ಮತ್ತೊಬ್ಬನು ತಯಾರಾಗಿರುವ ಸಂಘ ಅದು. ರಂಗರಾಯರು ತಮ್ಮ ಬಂಧುವನ್ನು ಹುಡುಕಲಿಲ್ಲ, ತಮ್ಮ ಶಿಷ್ಯನೊಬ್ಬನಿಗೆ ಕಿರೀಟ ಇಡಲಿಲ್ಲ. ಮನುಷ್ಯರು ಬದಲಾದರೂ ನಿಲ್ಲುವ ಕಟ್ಟಳೆಯುಳ್ಳ ಒಂದು ಸಂಘವನ್ನು ಹುಡುಕಿದರು.

ಇದರಲ್ಲಿ ಒಂದು ಕೊರತೆಯೂ ನಮಗೆ ಕಾಣುತ್ತದೆ, ಮುಚ್ಚಿಡುವುದು ಸರಿಯಲ್ಲ. ಪೆಟ್ಟಿಗೆಯು ಮಂಗಳೂರಿನ ಕೇರಿಯ ಜನರ ಕೈಗೆ ಹೋಗಲಿಲ್ಲ. ಪುಣೆಯಲ್ಲಿ ಬೇರುಳ್ಳ, ದೊಡ್ಡ ವಿದ್ವಾಂಸರಿದ್ದ ಸೊಸೈಟಿಯ ಕೈಗೆ ಹೋಯಿತು. ಅಂಗಾರ ಮಾಸ್ತರರಂಥವರು ಇರುವಾಗ ಅವರ ಕೈಗೇ ಕೊಡಬಾರದಿತ್ತೇ ಎಂದು ಈಗಿನವರು ಕೇಳಿದರೆ ತಪ್ಪಲ್ಲ. ಆದರೆ ಅಂದಿನ ಮಂಗಳೂರಿನಲ್ಲಿ ನೆಲದ ವ್ಯವಹಾರ, ಸರ್ಕಾರದ ಸಹಾಯಧನ, ಚಂದಾದಾರರ ನಂಬಿಕೆ ಇವುಗಳನ್ನೆಲ್ಲಾ ಮೊದಲನೇ ತಲೆಮಾರಿನ ಓದಿದವರ ತಲೆಯ ಮೇಲೆ ಒಮ್ಮೆಗೇ ಹೊರಿಸಿದ್ದರೆ, ಕೋರ್ಟಿನ ಆ ಜವಾನನ ಮೇಲೆ ಬಿದ್ದ ಕಲ್ಲುಗಳೇ ಇವರ ಮೇಲೂ ಬೀಳುತ್ತಿದ್ದವೆಂದು ನಾವು ತಿಳಿಯುತ್ತೇವೆ. ರಾಯರು ಅರ್ಧ ದಾರಿ ನಡೆದರು. ನಾವಾದರೋ ಬೀಗದ ಕೈಯನ್ನೇ ಬಿಟ್ಟವರಲ್ಲ. ಈಗ ನಾವಿರುವ ಊರಿನ ಸ್ತ್ರೀಯರ ಸಂಘದಲ್ಲಿ ಪುಸ್ತಕವನ್ನು ಅವರಲ್ಲಿಯೇ ಇಬ್ಬರು ಬರೆಯುತ್ತಾರೆ. ಮೊದಲನೇ ತಿಂಗಳಲ್ಲಿ ಕೂಡಿಸುವಿಕೆಯು ನಲವತ್ತು ರೂಪಾಯಿ ತಪ್ಪಿತ್ತು. ನಾವು ನೋಡಿಯೂ ಹೇಳಲಿಲ್ಲ. ಮೂರನೆಯ ವಾರದಲ್ಲಿ ಅವರೇ ಕಂಡುಹಿಡಿದು ನಮ್ಮನ್ನು ಬೈದರು.

ಕೆಲಸವನ್ನು ಒಪ್ಪಿಸಿಯಾದ ಮೇಲೆ ರಂಗರಾಯರು ಲೋಕದ ಹಂಗನ್ನು ಪೂರಾ ಬಿಟ್ಟು 1927ರಲ್ಲಿ ಸನ್ಯಾಸವನ್ನು ತೆಗೆದುಕೊಂಡು ಈಶ್ವರಾನಂದರೆಂದು ಕರೆಯಲ್ಪಟ್ಟರು. 1928ನೇ ಜನವರಿ 30ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ತನ್ನ ಶವವನ್ನು ಸ್ವಜಾತಿಯವರು ಮುಟ್ಟುವುದು ಬೇಡ, ತಾನು ಯಾರ ನಡುವೆ ದುಡಿದೆನೋ ಆ ತೋಟಿಯ ಕೆಲಸದ ಜನರೇ ಹೊರಬೇಕೆಂದು ಅವರು ಮೊದಲೇ ತಿಳಿಸಿದ್ದರು. ಅದರಂತೆಯೇ ನಡೆಯಿತು. ಊರಿನ ಮಲವನ್ನು ಹೊರುವುದಕ್ಕೆ ಮಾತ್ರ ಯೋಗ್ಯರೆಂದು ಎಣಿಸಲ್ಪಟ್ಟವರು ರಾವ್ ಸಾಹೇಬರನ್ನು ಹೊತ್ತುಕೊಂಡು ಮಂಗಳೂರಿನ ಬೀದಿಯಲ್ಲಿ ನಡೆದರು. ಕಿಟಕಿಗಳಿಂದ ನೋಡಿದವರು ನೋಡಿದರು.

ಆರು ವರುಷಗಳ ಮೇಲೆ, 1934ರ ಫೆಬ್ರುವರಿಯಲ್ಲಿ, ಹರಿಜನ ಸೇವೆಯ ನಿಮಿತ್ತವಾಗಿ ದೇಶವನ್ನು ಸುತ್ತುತ್ತಿದ್ದ ಗಾಂಧಿಯವರು ಮಂಗಳೂರಿಗೆ ಬಂದರು. ಆ ಕೆಲಸಕ್ಕೆ ಆ ಊರಿನಲ್ಲಿ ಅಷ್ಟರಲ್ಲಿ ನಲವತ್ತು ವರುಷ ದಾಟಿದ್ದವು. ಪಟ್ಟಣದ ಪುರಭವನವು ಈಗ ಕುದ್ಮುಲ್ ರಂಗರಾವ್ ಪುರಭವನವೆಂದು ಕರೆಯಲ್ಪಡುತ್ತದೆ. ಅವರ ಸಮಾಧಿಯ ಮೇಲೆ ಅವರ ಬಯಕೆಯೊಂದು ಕೆತ್ತಲ್ಪಟ್ಟಿದೆ. ಏನಂದರೆ, ತನ್ನ ಶಾಲೆಯಲ್ಲಿ ಓದಿದ ದಲಿತ ಮಕ್ಕಳು ದೊಡ್ಡ ಉದ್ಯೋಗವನ್ನು ಪಡೆದು, ಆ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ, ಆ ಚಕ್ರಗಳಿಂದ ಎದ್ದ ಧೂಳು ತನ್ನ ತಲೆಗೆ ತಾಕಬೇಕೆಂಬುದು.